ಬರಿದಾದ ದಡ: ಫ್ರಾನ್ಸ್ ಪೋಸ್ಟನ ಒಂದು ನಿಸರ್ಗಚಿತ್ರದ ಐತಿಹಾಸಿಕ ವಿವೇಚನೆ

೧. ಪೀಠಿಕೆ

ಚಿತ್ರಗಳನ್ನು ಇತಿಹಾಸದ ಸಾಧನಗಳನ್ನಾಗಿ ಬಳಸುವಾಗ ರಾಜರ, ಸೇನಾನಿಗಳ, ಯುದ್ಧಗಳ, ಸಂಧಾನಗಳ ಚಿತ್ರಗಳಿಗೆ ನಾವು ಕೊಡುವ ಮನ್ನಣೆಯನ್ನು ನಿಸರ್ಗಚಿತ್ರಗಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನದಿ, ಆಕಾಶ, ಗಿಡಮರ, ಮೇಯುವ ಪ್ರಾಣಿ ಇವು ಕಾಲಕ್ಕೆ ಕಟ್ಟುಬಿದ್ದವುಗಳಲ್ಲವೆಂದೂ, ಅವುಗಳ ಚಿತ್ರವು ಕಲಾವಿಮರ್ಶಕನ ವಿಷಯವೇ ಹೊರತು ಇತಿಹಾಸಕಾರನದಲ್ಲವೆಂದೂ ತಿಳಿಯುವುದು ವಾಡಿಕೆಯಾಗಿದೆ. ಹದಿನೇಳನೆಯ ಶತಮಾನದ ಡಚ್ ನಿಸರ್ಗಚಿತ್ರಗಳ ವಿಷಯದಲ್ಲಿ ಈ ವಾಡಿಕೆಯು ಇನ್ನೂ ಬಲವಾಗಿದೆ. ತಮ್ಮ ದೇಶದ ಮರಳುದಿಬ್ಬಗಳನ್ನೂ ಕಾಲುವೆಗಳನ್ನೂ ಮೋಡಗಳನ್ನೂ ಆ ಚಿತ್ರಕಾರರು ಎಷ್ಟು ನಿರುದ್ವೇಗವಾದ ಮನಸ್ಸಿನಿಂದ ಚಿತ್ರಿಸಿದರೆಂದರೆ, ಅವರ ಕೃತಿಗಳ ಮುಂದೆ ನಿಂತವನಿಗೆ ಆ ಕಾಲದಲ್ಲಿ ಯುದ್ಧವೊಂದು ನಡೆಯುತ್ತಿತ್ತೆಂಬುದೇ ಮರೆತುಹೋಗುತ್ತದೆ.

ಪ್ರಸ್ತುತ ಲೇಖನದಲ್ಲಿ ಅಂತಹ ಒಂದು ಚಿತ್ರವನ್ನು ತೆಗೆದುಕೊಂಡು, ಅದರಲ್ಲಿ ಕಾಣುವ ಕಾಡುಭೂಮಿಯು ಹೇಗೆ ಕಾಡುಭೂಮಿಯಾಯಿತು ಎಂಬ ಪ್ರಶ್ನೆಯನ್ನು ಕೇಳಲು ಪ್ರಯತ್ನಿಸಿದ್ದೇವೆ. ಚಿತ್ರವು ಹಾರ್ಲೆಮ್ ನಗರದ ಫ್ರಾನ್ಸ್ ಪೋಸ್ಟ್ ಎಂಬವನು ೧೬೩೯ರಲ್ಲಿ ರಚಿಸಿದುದು. ಬ್ರೆಜಿಲಿನ ಸಾವೊ ಫ್ರಾನ್ಸಿಸ್ಕೋ ನದಿಯೂ, ಅದರ ಆಚೆಯ ದಡದಲ್ಲಿರುವ ಮೌರಿತ್ಸ್ ಕೋಟೆಯೂ ಅದರ ವಸ್ತು. ಈಗ ಅದು ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಮೇಲುನೋಟಕ್ಕೆ ಮನುಷ್ಯನು ಇನ್ನೂ ಕಾಲಿಡದ ಭೂಮಿಯಂತೆ ತೋರುವ ಅದರ ಮುಂಭಾಗವು, ವಾಸ್ತವವಾಗಿ ಮನುಷ್ಯರು ಬಾಳಿ, ಆಮೇಲೆ ಅವರನ್ನು ಅಲ್ಲಿಂದ ಎಬ್ಬಿಸಿದ ಭೂಮಿ ಎಂಬುದು ನಮ್ಮ ಪ್ರತಿಪಾದನೆ.

೨. ಚಿತ್ರಕಾರನೂ ಅವನ ಒಡೆಯನೂ

ಕನ್ನಡ ವಾಚಕರಿಗೆ ಪರಿಚಿತರಾದ ಡಚ್ಚರು ಪೂರ್ವ ಇಂಡಿಯಾ ಕಂಪೆನಿಯವರು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಕೆಳದಿಯ ಅರಸರ ನಾಡಿನ ಬಸರೂರಿನಲ್ಲಿ ವ್ಯಾಪಾರ ನಡೆಸಿದವರು. ಇಲ್ಲಿ ಪ್ರಸ್ತುತವಾದದ್ದು ಅವರದೇ ಇನ್ನೊಂದು ಸಂಸ್ಥೆಯಾದ ಪಶ್ಚಿಮ ಇಂಡಿಯಾ ಕಂಪೆನಿ. ೧೬೨೧ರಲ್ಲಿ ಸನ್ನದು ಪಡೆದ ಈ ಕಂಪೆನಿಗೆ ಅಟ್ಲಾಂಟಿಕ್ ಸಾಗರದ ವ್ಯಾಪಾರವೂ, ಅದರೊಡನೆ ಸ್ಪೇನಿನ ದೊರೆಯ ವಿರುದ್ಧ ಯುದ್ಧಮಾಡುವ ಅಧಿಕಾರವೂ ಸೇರಿ ಬಂದುವು. ೧೫೮೦ರಿಂದ ೧೬೪೦ರವರೆಗೆ ಪೋರ್ಚುಗಲ್ ರಾಜ್ಯವು ಸ್ಪೇನಿನ ದೊರೆಗಳ ಅಧೀನದಲ್ಲಿದ್ದುದರಿಂದ ಪೋರ್ಚುಗೀಸರ ಬ್ರೆಜಿಲು ಡಚ್ಚರಿಗೆ ಶತ್ರುಭೂಮಿಯಾಯಿತು. ಅಲ್ಲಿ ಬೆಳೆಯುತ್ತಿದ್ದ ಸಕ್ಕರೆಯು ಅವರ ಆಸೆಯನ್ನು ಇಮ್ಮಡಿಗೊಳಿಸಿತು. ೧೬೩೦ರ ಫೆಬ್ರವರಿಯಲ್ಲಿ ಕಂಪೆನಿಯ ಸೇನೆಯು ಪೆರ್ನಾಂಬುಕೊ ಪ್ರಾಂತದ ಓಲಿಂಡಾ ಪಟ್ಟಣವನ್ನೂ ರೆಸಿಫೆ ಬಂದರನ್ನೂ ಹಿಡಿಯಿತು. ಗುಡ್ಡದ ಮೇಲಣ ಓಲಿಂಡಾವನ್ನು ಕಾಯುವುದು ಕಷ್ಟವೆಂದು ಕಂಡಾಗ ೧೬೩೧ರ ನವೆಂಬರಿನಲ್ಲಿ ಅದಕ್ಕೆ ತಾವೇ ಬೆಂಕಿಯಿಟ್ಟು ರೆಸಿಫೆಗೆ ಇಳಿದರು.

ಹೀಗೆ ಗೆದ್ದ ನಾಡನ್ನು ಆಳುವುದಕ್ಕಾಗಿ ಕಂಪೆನಿಯು ೧೬೩೬ರಲ್ಲಿ ನಸೌ-ಸೀಗನ್ ಮನೆತನದ ಕೌಂಟ್ ಯೊಹಾನ್ ಮೌರಿತ್ಸನನ್ನು ನೇಮಿಸಿತು. ಅವನು ೧೬೩೭ರ ಜನವರಿಯಲ್ಲಿ ರೆಸಿಫೆಗೆ ಬಂದಿಳಿದು ೧೬೪೪ರವರೆಗೆ ಅಲ್ಲಿದ್ದನು. ಸೈನಿಕರನ್ನು ಮಾತ್ರವಲ್ಲದೆ ವೈದ್ಯರನ್ನೂ ವಿದ್ವಾಂಸರನ್ನೂ ಚಿತ್ರಕಾರರನ್ನೂ ಜೊತೆಗಿಟ್ಟುಕೊಂಡದ್ದು ಅವನ ವೈಶಿಷ್ಟ್ಯ. ವೈದ್ಯನಾದ ವಿಲ್ಲೆಮ್ ಪಿಸೊ, ಜ್ಯೋತಿಷ ಸಸ್ಯಶಾಸ್ತ್ರಗಳೆರಡರಲ್ಲೂ ಪಂಡಿತನಾದ ಗಿಯೋರ್ಗ್ ಮಾರ್ಕ್‌ಗ್ರಾಫ್, ಜನಜಾತಿಗಳ ಚಿತ್ರಗಳಿಂದ ಪ್ರಸಿದ್ಧನಾದ ಆಲ್ಬರ್ಟ್ ಎಕ್‌ಹೌಟ್ ಇವರೆಲ್ಲ ಆ ಬಳಗದವರು. ಅವರಲ್ಲಿ ನಿಸರ್ಗಚಿತ್ರಕ್ಕೆಂದು ನಿಂತವನು ಫ್ರಾನ್ಸ್ ಪೋಸ್ಟ್. ೧೬೧೨ರಲ್ಲಿ ಹಾರ್ಲೆಮಿನಲ್ಲಿ ಹುಟ್ಟಿದ ಇವನ ತಂದೆ ಗಾಜಿನ ಮೇಲೆ ಚಿತ್ರ ಬರೆಯುವ ಕಸುಬಿನವನು; ಅಣ್ಣ ಪೀಟರ್ ಪೋಸ್ಟ್ ಹೆಸರಾದ ವಾಸ್ತುಶಿಲ್ಪಿ. ಯೊಹಾನ್ ಮೌರಿತ್ಸನಿಗಾಗಿ ಹೇಗ್ ನಗರದಲ್ಲಿ ಕಟ್ಟಿದ ಮೌರಿತ್ಸ್‌ಹೌಸ್ ಎಂಬ ಅರಮನೆಯ ನಿರ್ಮಾಣದಲ್ಲಿ ಯಾಕೊಬ್ ವಾನ್ ಕಾಂಪನ್ನನೊಡನೆ ಕೆಲಸಮಾಡಿದವನು ಈ ಪೀಟರನೇ.

ಬ್ರೆಜಿಲಿನಲ್ಲಿದ್ದಾಗ ಪೋಸ್ಟನು ರಚಿಸಿದ ತೈಲಚಿತ್ರಗಳ ಪೈಕಿ ಇಂದು ತಿಳಿದಿರುವುವು ಏಳು ಮಾತ್ರ. ಅವುಗಳಲ್ಲಿ ನಾಲ್ಕು ಲೂವ್ರ್‌ನಲ್ಲಿವೆ. ಯೂರೋಪಿನಲ್ಲಿ ಕಲಿತ ಚಿತ್ರಕಾರನೊಬ್ಬನು ಅಮೆರಿಕದ ನೆಲದ ಮೇಲೆಯೇ ನಿಂತು ಅಲ್ಲಿಯ ನಿಸರ್ಗವನ್ನು ತೈಲವರ್ಣದಲ್ಲಿ ಬರೆದ ಅತ್ಯಂತ ಹಳೆಯ ಉದಾಹರಣೆಗಳಲ್ಲಿ ಇವು ಸೇರಿವೆಯೆಂಬುದರಿಂದ, ಇವುಗಳ ಬೆಲೆಯು ಸಂಖ್ಯೆಯನ್ನು ಮೀರಿದ್ದು.

೩. ಚಿತ್ರದ ಸ್ವರೂಪ

ನಮ್ಮ ಚಿತ್ರವು ದೊಡ್ಡದಲ್ಲ; ಸುಮಾರು ೬೨ ಸೆಂಟಿಮೀಟರ್ ಎತ್ತರ, ೯೫ ಸೆಂಟಿಮೀಟರ್ ಅಗಲ. ಅದರ ಬಹುಭಾಗವನ್ನು ಆಕಾಶವೇ ಆವರಿಸಿಕೊಂಡಿದೆ. ಆಕಾಶದ ಕೆಳಗೆ ಅಗಲವಾಗಿ, ಹೆಚ್ಚು ಚಲನೆಯಿಲ್ಲದೆ, ಬೆಳಕನ್ನು ಪ್ರತಿಫಲಿಸುತ್ತ ನದಿಯು ಹರಡಿದೆ. ಆಚೆಯ ದಡದ ಎತ್ತರದಲ್ಲಿ ಕೋಟೆಯು ಚಿಕ್ಕದಾಗಿ ಕಾಣುತ್ತದೆ. ಈಚೆಯ ದಡವು, ಎಂದರೆ ನೋಡುವವನು ನಿಂತಿರುವ ಕಡೆಯು, ಕಂದು ಹಸಿರು ಬಣ್ಣಗಳ ಒಂದು ಕಿರಿದಾದ ಪಟ್ಟಿ. ಅದರ ಮೇಲೆ ಎತ್ತರವಾಗಿ ಬೆಳೆದ ಒಂದು ಕಳ್ಳಿಯ ಗಿಡ. ಬಳಿಯಲ್ಲಿ ಹುಲ್ಲು ಮೇಯುತ್ತಿರುವ ಒಂದು ಪ್ರಾಣಿ. ಈ ದಡದ ಮೇಲೆ ಮನುಷ್ಯರ ಸುಳಿವಿಲ್ಲ, ಮನೆಯಿಲ್ಲ, ಬೇಲಿಯಿಲ್ಲ.

ಆ ಪ್ರಾಣಿಯು ಕ್ಯಾಪಿಬಾರಾ. ಇಲಿ ಅಳಿಲುಗಳು ಸೇರಿದ ದಂಶಕವರ್ಗದಲ್ಲಿ ಇದಕ್ಕಿಂತ ದೊಡ್ಡದಾದ ಪ್ರಾಣಿ ಇಂದು ಜಗತ್ತಿನಲ್ಲಿಲ್ಲ. ಹಂದಿಯಷ್ಟು ಗಾತ್ರ, ಮೊಂಡಾದ ಮೂತಿ, ಒರಟು ಕೂದಲಿನ ಮೈ. ನೀರಿನ ಬದಿಯಲ್ಲಿ ವಾಸ, ಹುಲ್ಲೇ ಆಹಾರ. ಅದರ ಹೆಸರು ಬ್ರೆಜಿಲಿನ ಮೂಲನಿವಾಸಿಗಳ ತೂಪಿ ಭಾಷೆಯಿಂದ ಬಂದುದು. ಹುಲ್ಲು ತಿನ್ನುವುದು ಎಂದು ಅದರ ಅರ್ಥ. ಮಾರ್ಕ್‌ಗ್ರಾಫ್ ಮತ್ತು ಪಿಸೊ ಇವರ ಬರೆಹಗಳು ಸೇರಿ ೧೬೪೮ರಲ್ಲಿ ಪ್ರಕಟವಾದ ಬ್ರೆಜಿಲಿನ ನೈಸರ್ಗಿಕ ಇತಿಹಾಸವೆಂಬ ಲ್ಯಾಟಿನ್ ಗ್ರಂಥದಲ್ಲಿ ಈ ಪ್ರಾಣಿಯ ವರ್ಣನೆಯಿದೆ. ಪೋಸ್ಟನ ಚಿತ್ರವು ಅದಕ್ಕಿಂತ ಒಂಬತ್ತು ವರ್ಷ ಹಿಂದಿನದು.

ಈ ವಿವರಗಳನ್ನು ಒಟ್ಟಿಗೆ ನೋಡಿದಾಗ ಸಹಜವಾಗಿ ಹುಟ್ಟುವ ಭಾವನೆಯೆಂದರೆ, ಇದು ಸೃಷ್ಟಿಯ ಮೊದಲ ದಿನಗಳ ನಿಶ್ಶಬ್ದ; ಯೂರೋಪಿನವರು ಬಂದು ತಲಪುವ ಮುನ್ನ ಈ ಭೂಮಿ ಹೀಗೆಯೇ ಇದ್ದಿರಬೇಕು; ಕೋಟೆಯೊಂದೇ ಹೊಸದು. ಈ ಭಾವನೆಯನ್ನು ಪರೀಕ್ಷಿಸಬೇಕಾದರೆ ಚಿತ್ರವನ್ನು ಬಿಟ್ಟು ಆ ನದಿಯ ಕಥೆಗೆ ಹೋಗಬೇಕಾಗುತ್ತದೆ.

೪. ನದಿಯ ಎರಡು ದಡಗಳು

ಸಾವೊ ಫ್ರಾನ್ಸಿಸ್ಕೋ ಸುಮಾರು ೨,೮೦೦ ಕಿಲೋಮೀಟರ್ ಉದ್ದದ ಮಹಾನದಿ. ಅದರ ಕೊನೆಯ ಭಾಗವು ಉತ್ತರದ ಅಲಗೋವಾಸ್ ಮತ್ತು ದಕ್ಷಿಣದ ಸೆರ್ಜಿಪೆ ಎಂಬ ಪ್ರದೇಶಗಳ ನಡುವಣ ಗಡಿಯಾಗಿ ಹರಿದು ಸಮುದ್ರವನ್ನು ಸೇರುತ್ತದೆ. ಮೌರಿತ್ಸ್ ಕೋಟೆಯು ಎದ್ದದ್ದು ಉತ್ತರ ದಡದ ಪೆನೆಡೊ ಎಂಬಲ್ಲಿ. ಹೆಸರಿಗೆ ಬಂಡೆ ಎಂದು ಅರ್ಥ. ಕೋಟೆಯು ನದಿಯ ಆಚೆ ಕಾಣುವುದರಿಂದ ಚಿತ್ರದಲ್ಲಿ ನೋಡುವವನು ನಿಂತಿರುವುದು ದಕ್ಷಿಣ ದಡದಲ್ಲಿ, ಎಂದರೆ ಸೆರ್ಜಿಪೆಯ ನೆಲದಲ್ಲಿ. ಕಳ್ಳಿಯು ಬೆಳೆದಿರುವುದೂ ಪ್ರಾಣಿಯು ಮೇಯುತ್ತಿರುವುದೂ ಅಲ್ಲಿಯೇ. ಈ ಒಂದು ಅಂಶದ ಮೇಲೆ ನಮ್ಮ ವಾದದ ಭಾರವೆಲ್ಲ ನಿಂತಿದೆಯಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ.

ಈ ತೀರದಲ್ಲಿ ಮೊದಲು ಇದ್ದವರು ತೂಪಿ ಭಾಷೆಯ ಜನ. ನದೀಮುಖದಿಂದ ಉತ್ತರಕ್ಕೆ ಹರಡಿದ್ದ ಕಯೆತೆ ಎಂಬ ಜನಾಂಗದವರ ಕರಾವಳಿಯಲ್ಲಿ ೧೫೫೬ರಲ್ಲಿ ಹಡಗೊಡೆದು ದಡ ಸೇರಿದ ಬ್ರೆಜಿಲಿನ ಮೊದಲ ಬಿಷಪ್ಪನು ಕೊಲೆಯಾದನು. ಆ ಅಪರಾಧಕ್ಕಾಗಿ ಕೆಲವು ವರ್ಷಗಳ ತರುವಾಯ ಪೋರ್ಚುಗೀಸ್ ಗವರ್ನರನಾದ ಮೆಂ ದೆ ಸಾ ಎಂಬವನು ಆ ಜನಾಂಗವನ್ನೇ ಗುಲಾಮರನ್ನಾಗಿ ಹಿಡಿಯಬಹುದೆಂದು ಆಜ್ಞೆ ಮಾಡಿದನು. ಒಬ್ಬ ಪಾದ್ರಿಯ ಕೊಲೆಗೆ ಒಂದು ಜನಾಂಗವೇ ದಂಡ ತೆತ್ತಿತು. ೧೫೯೦ರಲ್ಲಿ ಕ್ರಿಸ್ತೋವಾವೊ ದೆ ಬಾರೊಸ್ ಎಂಬವನು ದಕ್ಷಿಣ ದಡದ ಸೆರ್ಜಿಪೆಯನ್ನು ಅಲ್ಲಿಯ ಮೂಲನಿವಾಸಿಗಳಿಂದ ಯುದ್ಧಮಾಡಿ ಗೆದ್ದು, ಸಾವೊ ಕ್ರಿಸ್ತೋವಾವೊ ಎಂಬ ಊರನ್ನು ಸ್ಥಾಪಿಸಿದನು. ಹೀಗೆ ತೆರವಾದ ಭೂಮಿಯಲ್ಲಿ ಪೋರ್ಚುಗೀಸರು ದನಗಳನ್ನು ಬಿಟ್ಟರು. ಸಕ್ಕರೆಯ ಗಾಣಗಳನ್ನು ತಿರುಗಿಸುವ ಎತ್ತುಗಳೂ, ಗಾಣದ ಜನರು ತಿನ್ನುವ ಮಾಂಸವೂ ಇಲ್ಲಿಂದ ಹೋಗುತ್ತಿದ್ದುವು. ದನದ ದೊಡ್ಡಿಗಳು ಸಾಲುಸಾಲಾಗಿ ಎದ್ದುದರಿಂದ ಈ ನದಿಗೆ ದೊಡ್ಡಿಗಳ ನದಿಯೆಂಬ ಹೆಸರೇ ಬಂದಿತು.

ಇನ್ನು ೧೬೩೭ರ ಸಂಗತಿ. ಆ ವರ್ಷದ ಫೆಬ್ರವರಿಯಲ್ಲಿ ಯೊಹಾನ್ ಮೌರಿತ್ಸನು ಪೋರ್ಟೊ ಕಾಲ್ವೊ ಎಂಬಲ್ಲಿ ಶತ್ರುಸೈನ್ಯವನ್ನು ಸೋಲಿಸಿದನು. ಸ್ಪೇನಿನ ದೊರೆಯ ಪರವಾಗಿ ಹೋರಾಡುತ್ತಿದ್ದ ನೇಪಲ್ಸಿನ ಕೌಂಟ್ ಬಾಞುವೊಲೊ ತನ್ನ ಸೇನೆಯೊಡನೆ ದಕ್ಷಿಣಕ್ಕೆ ಓಡಿ ನದಿಯನ್ನು ದಾಟಿ ಸೆರ್ಜಿಪೆಯನ್ನು ಸೇರಿದನು. ಬೆನ್ನಟ್ಟಿಬಂದ ಮೌರಿತ್ಸನು ನದಿಯ ಬಳಿ ನಿಂತು, ಇದೇ ತನ್ನ ಅಧಿಕಾರದ ದಕ್ಷಿಣದ ಮೇರೆಯಾಗಲೆಂದು ನಿಶ್ಚಯಿಸಿ, ಪೆನೆಡೊದಲ್ಲಿ ತನ್ನ ಹೆಸರಿನ ಕೋಟೆಯನ್ನು ಕಟ್ಟಿಸಿದನು. ಈ ದಂಡಯಾತ್ರೆಯ ಕಾಲದಲ್ಲಿ ಅವನು ಆರೆಂಜ್ ರಾಜಕುಮಾರನಾದ ಫ್ರೆಡರಿಕ್ ಹೆಂಡ್ರಿಕ್ಕನಿಗೆ ಬರೆದ ಕಾಗದದ ಸಾರಾಂಶವು ನಮಗೆ ಉಳಿದುಬಂದಿದೆ. ಇಷ್ಟು ಸುಂದರವಾದ ನಾಡು ಅಪೂರ್ವವೆಂದೂ, ಬಯಲುಗಳಲ್ಲಿ ದನಗಳ ದೊಡ್ಡ ಮಂದೆಗಳಿವೆಯೆಂದೂ, ಕೊರತೆಯೆಂದರೆ ಜನರದು ಮಾತ್ರವೆಂದೂ ಅವನು ಬರೆದನು. ಜರ್ಮನಿಯಲ್ಲಿ ಆಗ ನಡೆಯುತ್ತಿದ್ದ ಮೂವತ್ತು ವರ್ಷಗಳ ಯುದ್ಧದಿಂದ ಮನೆಮಠ ಕಳೆದುಕೊಂಡವರನ್ನು ಇಲ್ಲಿಗೆ ಕಳುಹಿಸಬೇಕೆಂದೂ, ಅವರು ಸಿಕ್ಕದಿದ್ದರೆ ಸೆರೆಮನೆಗಳನ್ನು ತೆರೆದಾದರೂ ಜನರನ್ನು ಕೊಡಬೇಕೆಂದೂ ಕೇಳಿಕೊಂಡನು. ಒಂದು ಯುದ್ಧದಿಂದ ಬರಿದಾದ ಊರುಗಳ ಜನರನ್ನು ತಂದು ಇನ್ನೊಂದು ಯುದ್ಧದಿಂದ ಬರಿದಾದ ಊರುಗಳಲ್ಲಿ ತುಂಬಿಸುವ ಯೋಚನೆ ಇದು. ಆ ಭೂಮಿಗೆ ಜನರ ಕೊರತೆ ಹೇಗೆ ಬಂದಿತೆಂಬುದು ಆ ಕಾಗದದ ವಿಷಯವಾಗಿರಲಿಲ್ಲ.

ಕೋಟೆ ಕಟ್ಟಿದ ಮಾತ್ರಕ್ಕೆ ಗಡಿಯು ಶಾಂತವಾಗಲಿಲ್ಲ. ಬಾಞುವೊಲೊ ಸೆರ್ಜಿಪೆಯಿಂದ ಸಣ್ಣ ಸಣ್ಣ ತಂಡಗಳನ್ನು ನದಿಯ ಉತ್ತರಕ್ಕೆ ಕಳುಹಿಸಿ ಕಬ್ಬಿನ ಗದ್ದೆಗಳನ್ನು ಸುಡಿಸುತ್ತಿದ್ದನು. ಇದನ್ನು ನಿಲ್ಲಿಸುವುದಕ್ಕಾಗಿ ೧೬೩೭ರ ಕೊನೆಯಲ್ಲಿ ಸೇನಾಧಿಪತಿ ಸೀಗಿಸ್‌ಮುಂಡ್ ವಾನ್ ಶೊಪ್ಪೆಯ ನಾಯಕತ್ವದಲ್ಲಿ ಡಚ್ ಸೈನ್ಯವು ನದಿಯನ್ನು ದಾಟಿ ಸೆರ್ಜಿಪೆಯನ್ನು ಹೊಕ್ಕಿತು. ಬಾಞುವೊಲೊ ಬಹಿಯಾದ ಕಡೆಗೆ ಹಿಂಜರಿದನು. ಸಾವೊ ಕ್ರಿಸ್ತೋವಾವೊ ಊರಿಗೆ ಬೆಂಕಿ ಬಿತ್ತು. ಸಕ್ಕರೆಯ ಗಾಣಗಳು ನಾಶವಾದುವು. ದನಗಳನ್ನು ಕೊಂದರು ಅಥವಾ ಹೊಡೆದುಕೊಂಡು ಹೋದರು. ಇಷ್ಟನ್ನು ಮಾಡಿದ ಮೇಲೆ ಸೈನ್ಯವು ಅಲ್ಲಿ ನೆಲೆಸದೆ ಉತ್ತರ ದಡಕ್ಕೆ ಹಿಂದಿರುಗಿತು. ಶತ್ರುವಿಗೆ ಅಲ್ಲಿ ಅನ್ನವೂ ಆಶ್ರಯವೂ ಸಿಕ್ಕಬಾರದೆಂಬುದೇ ಉದ್ದೇಶವಾಗಿತ್ತು. ಪೆರ್ನಾಂಬುಕೊ ಮತ್ತು ಬಹಿಯಾಗಳ ನಡುವೆ ಸೆರ್ಜಿಪೆಯು ಯಾರದೂ ಅಲ್ಲದ ಪಾಳುಭೂಮಿಯಾಗಿ ಉಳಿಯಿತು. ಡಚ್ಚರು ಅದನ್ನು ಮತ್ತೆ ಆಕ್ರಮಿಸಿದುದು ೧೬೪೧ರಲ್ಲಿ. ಪೋಸ್ಟನು ತನ್ನ ಚಿತ್ರಕ್ಕೆ ಹಾಕಿದ ಕಾಲವಾದರೋ ೧೬೩೯. ಎಂದರೆ, ದಕ್ಷಿಣ ದಡವು ಸುಟ್ಟು ಬರಿದಾಗಿದ್ದ ಆ ಕೆಲವು ವರ್ಷಗಳ ಮಧ್ಯದಲ್ಲಿಯೇ ಈ ಚಿತ್ರವು ಬಂದಿದೆ.

ದೊಡ್ಡಿಗಳ ನದಿಯ ದಡದಲ್ಲಿ ದನವಿಲ್ಲ. ಹುಲ್ಲು ಮೇಯುತ್ತಿರುವುದು ಕಾಡುಪ್ರಾಣಿ.

೫. ಒಂದು ಆಕ್ಷೇಪಣೆ

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸದೆ ಮುಂದುವರಿಯುವಂತಿಲ್ಲ. ಚಿತ್ರದ ನಿರ್ಜನತೆಯು ಚಿತ್ರಕಲೆಯ ಸಂಪ್ರದಾಯಕ್ಕೆ ಸೇರಿದುದೆಂದೂ, ಅದರಲ್ಲಿ ಯುದ್ಧದ ಗುರುತನ್ನು ಹುಡುಕುವುದು ಇತಿಹಾಸಕಾರನ ಅತಿಯಾಸೆಯೆಂದೂ ಕಲಾವಿಮರ್ಶಕರು ಹೇಳಬಹುದು. ಈ ಮಾತಿನಲ್ಲಿ ಬಲವಿದೆ. ಪೋಸ್ಟನು ಬೆಳೆದ ಹಾರ್ಲೆಮ್ ನಗರವು ಎಸೈಯಾಸ್ ವಾನ್ ದೆ ವೆಲ್ದೆ, ಪೀಟರ್ ದೆ ಮೊಲೈನ್, ಸಾಲೊಮನ್ ವಾನ್ ರೌಸ್‌ದಾಲ್ ಮೊದಲಾದವರ ಕೈಯಲ್ಲಿ ಹೊಸ ಬಗೆಯ ನಿಸರ್ಗಚಿತ್ರವು ರೂಪುಗೊಂಡ ಸ್ಥಳ. ಕೆಳಗಿಳಿದ ದಿಗಂತ, ವಿಶಾಲವಾದ ಆಕಾಶ, ಮಿತವಾದ ಬಣ್ಣ, ಮುಂಭಾಗದಲ್ಲಿ ಕಣ್ಣನ್ನು ಒಳಕ್ಕೆ ಕರೆದೊಯ್ಯುವ ಒಂದು ಗಿಡ ಅಥವಾ ದಿಬ್ಬ ಇವೆಲ್ಲ ಆ ಶಾಲೆಯ ಪಾಠಗಳು. ಕಳ್ಳಿಯು ನಿಂತಿರುವುದು ಹಾರ್ಲೆಮಿನವರು ಒಂದು ಓಕ್ ಮರವನ್ನು ನಿಲ್ಲಿಸುತ್ತಿದ್ದ ಸ್ಥಾನದಲ್ಲಿ. ಕ್ಯಾಪಿಬಾರಾವು ಮೇಯುತ್ತಿರುವುದು ಅವರು ಒಂದು ಹಸುವನ್ನು ಮೇಯಿಸುತ್ತಿದ್ದ ಸ್ಥಾನದಲ್ಲಿ.

ಆದರೂ ಸಂಪ್ರದಾಯವೊಂದೇ ಎಲ್ಲವನ್ನೂ ವಿವರಿಸಲಾರದೆಂದು ನಾವು ಭಾವಿಸುತ್ತೇವೆ. ಕಾರಣಗಳು ಎರಡು. ಮೊದಲನೆಯದು, ಪೋಸ್ಟನ ಇತರ ಬ್ರೆಜಿಲ್ ಚಿತ್ರಗಳಲ್ಲಿ ಮುಂಭಾಗದಲ್ಲಿ ಜನರಿದ್ದಾರೆ. ೧೬೩೭ರ ಇಟಮರಕಾ ದ್ವೀಪದ ಚಿತ್ರದಲ್ಲಿ ಕುದುರೆಯೊಡನೆ ಬಂದ ಪೋರ್ಚುಗೀಸರೂ ಅವರ ಸೇವೆಯಲ್ಲಿರುವ ಆಫ್ರಿಕದ ಗುಲಾಮರೂ ನೀರಿನ ಬದಿಯಲ್ಲಿ ನಿಂತಿದ್ದಾರೆ. ೧೬೩೮ರ ಎತ್ತಿನ ಗಾಡಿಯ ಚಿತ್ರದಲ್ಲಿ ಗಾಡಿಯೊಡನೆ ದುಡಿಯುವ ಜನರಿದ್ದಾರೆ. ಜನರಿದ್ದ ಕಡೆ ಜನರನ್ನು ಬರೆಯಲು ಪೋಸ್ಟನಿಗೆ ಯಾವ ಅಡ್ಡಿಯೂ ಇರಲಿಲ್ಲ. ಎರಡನೆಯದು, ಈ ಚಿತ್ರಗಳು ಸ್ಥಳವನ್ನು ಗುರುತಿಸಿ ತಿಳಿಸುವುದಕ್ಕೆಂದು ಮಾಡಿದುವು. ಇಟಮರಕಾ ಚಿತ್ರಕ್ಕೆ ಸೇರಿದ ಹಳೆಯ ಟಿಪ್ಪಣಿಯು ದ್ವೀಪವನ್ನು ಯಾವ ದಿಕ್ಕಿನಿಂದ ನೋಡಿದೆ, ಊರು ಎಲ್ಲಿದೆ, ಕೋಟೆ ಎಲ್ಲಿದೆ ಎಂಬುದನ್ನು ಹೇಳಿ, ಪೋರ್ಚುಗೀಸರು ಕುದುರೆಯ ಮೇಲೆ ಕುಳಿತುಕೊಳ್ಳುವ ರೀತಿಯನ್ನೂ ಸೂಚಿಸುತ್ತದೆ. ಯೊಹಾನ್ ಮೌರಿತ್ಸನ ಆಳ್ವಿಕೆಯ ಇತಿಹಾಸವನ್ನು ಕಾಸ್ಪರ್ ಬಾರ್ಲೆಯಸನು ಬರೆದು ೧೬೪೭ರಲ್ಲಿ ಆಮ್ಸ್ಟರ್ಡಾಮಿನಲ್ಲಿ ಪ್ರಕಟಿಸಿದಾಗ, ಅದರ ಕೋಟೆಗಳ ಮತ್ತು ಬಂದರುಗಳ ಮುದ್ರಿತ ಚಿತ್ರಗಳಿಗೆ ಆಧಾರವಾದುವು ಪೋಸ್ಟನ ರೇಖೆಗಳೇ. ಗೆದ್ದ ನಾಡಿನ ಲೆಕ್ಕವನ್ನು ಕಣ್ಣಿಗೆ ಒಪ್ಪಿಸುವ ಕೆಲಸವನ್ನು ಮಾಡುತ್ತಿದ್ದವನು ದಡವೊಂದನ್ನು ಬರಿದಾಗಿ ತೋರಿಸಿದರೆ, ಅದು ಬರಿದಾಗಿತ್ತೆಂಬುದನ್ನೂ ನಾವು ಗಣನೆಗೆ ತೆಗೆದುಕೊಳ್ಳಬೇಕು.

ಯುದ್ಧದ ಹಾನಿಯನ್ನು ಖಂಡಿಸಲೆಂದು ಪೋಸ್ಟನು ಇದನ್ನು ಬರೆದನೆಂದು ನಾವು ಹೇಳುತ್ತಿಲ್ಲ. ಅವನು ಒಡೆಯನ ಸಂಬಳದ ಚಿತ್ರಕಾರ. ಅಪೂರ್ವವಾದ ಪ್ರಾಣಿಯೊಂದನ್ನು ತೋರಿಸುವ ಆಸೆಯಿಂದಲೇ ಅವನು ಕ್ಯಾಪಿಬಾರಾವನ್ನು ಅಲ್ಲಿ ನಿಲ್ಲಿಸಿದ್ದಿರಬೇಕು. ಸಾಕ್ಷಿಯು ತಾನು ಏನನ್ನು ಹೇಳುತ್ತಿದ್ದೇನೆಂಬುದನ್ನು ಪೂರ್ತಿಯಾಗಿ ಅರಿಯದೆಯೂ ನಿಜವನ್ನು ಹೇಳಬಹುದೆಂಬುದು ಇತಿಹಾಸಕಾರರಿಗೆ ಹೊಸ ಮಾತಲ್ಲ. ದಾನಪತ್ರವನ್ನು ಕೆತ್ತಿದ ಶಿಲ್ಪಿಯು ಪುಣ್ಯವನ್ನು ಕುರಿತು ಕೆತ್ತಿದನು. ನಾವು ಅದರಿಂದ ಆ ಕಾಲದ ಕೆರೆಗಳನ್ನೂ ತೆರಿಗೆಗಳನ್ನೂ ತಿಳಿಯುತ್ತೇವೆ. ನಿಸರ್ಗಚಿತ್ರವನ್ನೂ ಹಾಗೆ ಓದಬಾರದೆಂಬ ನಿಯಮವಿಲ್ಲ.

೬. ಪ್ರಾಣಿಗಳು ಹೆಚ್ಚಿದ ಬಗೆ

ಪೋಸ್ಟನು ೧೬೪೪ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ೧೬೪೬ರಲ್ಲಿ ಹಾರ್ಲೆಮಿನ ಚಿತ್ರಕಾರರ ಸಂಘವನ್ನು ಸೇರಿದನು. ಆಮೇಲೆ ಬ್ರೆಜಿಲನ್ನು ಮತ್ತೆ ನೋಡಲಿಲ್ಲ. ಆದರೆ ಜೀವಮಾನದ ಉಳಿದ ಭಾಗವನ್ನೆಲ್ಲ ಬ್ರೆಜಿಲನ್ನು ಚಿತ್ರಿಸುವುದರಲ್ಲಿಯೇ ಕಳೆದನು. ಅವನದೆಂದು ತಿಳಿದ ತೈಲಚಿತ್ರಗಳು ಒಂದೂವರೆ ನೂರಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಹೀಗೆ ಹಾರ್ಲೆಮಿನಲ್ಲಿ ಕುಳಿತು ಬರೆದುವು.

ಈ ಅವಧಿಯಲ್ಲಿ ಅತ್ತ ಬ್ರೆಜಿಲಿನಲ್ಲಿ ಡಚ್ಚರ ಅಧಿಕಾರವು ಕುಸಿಯುತ್ತಿತ್ತು. ೧೬೪೫ರಲ್ಲಿ ಪೋರ್ಚುಗೀಸ್ ನಿವಾಸಿಗಳು ದಂಗೆಯೆದ್ದರು. ಅದೇ ವರ್ಷ ಪೆನೆಡೊದ ಮೌರಿತ್ಸ್ ಕೋಟೆಯೂ ಅವರ ವಶವಾಯಿತು. ೧೬೫೪ರ ಜನವರಿಯಲ್ಲಿ ರೆಸಿಫೆಯೇ ಶರಣಾಗತವಾಯಿತು. ೧೬೬೧ರ ಹೇಗ್ ಒಪ್ಪಂದದಲ್ಲಿ ಪರಿಹಾರದ ಹಣಕ್ಕೆ ಒಪ್ಪಿ ಡಚ್ಚರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು.

ನಾಡು ಕೈತಪ್ಪಿದಂತೆಲ್ಲ ಪೋಸ್ಟನ ಚಿತ್ರಗಳಲ್ಲಿ ಕಾಡು ದಟ್ಟವಾಗುತ್ತ ಹೋದುದನ್ನು ಗಮನಿಸಬೇಕು. ಬ್ರೆಜಿಲಿನಲ್ಲಿದ್ದಾಗ ಬರೆದ ಚಿತ್ರಗಳು ಬಡಕಲಾದುವು. ಒಂದು ಗಿಡ, ಒಂದು ಪ್ರಾಣಿ, ಮಂಕಾದ ಬೆಳಕು. ಹಾರ್ಲೆಮಿನ ಚಿತ್ರಗಳಲ್ಲಿ ಬಳ್ಳಿ, ಹಣ್ಣು, ಹೂ, ಪಕ್ಷಿ, ಉರಗ, ಕೋತಿಗಳು ಮುಂಭಾಗದ ಮೂಲೆಗಳಲ್ಲಿ ಕಿಕ್ಕಿರಿದು ತುಂಬಿಕೊಳ್ಳುತ್ತವೆ. ಆಮ್ಸ್ಟರ್ಡಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ ೧೬೬೨ರ ಓಲಿಂಡಾ ಚಿತ್ರವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಹಿಂದೆ ಹೇಳಿದ ಚಿತ್ರಕ್ಕಿಂತ ಇದು ಬಹಳ ದೊಡ್ಡದು. ಅಗಲ ೧೭೦ ಸೆಂಟಿಮೀಟರನ್ನು ಮೀರಿದೆ. ಅದರ ಮುಂಭಾಗದಲ್ಲಿ ಇರುವೆತಿನ್ನುವ ಪ್ರಾಣಿಯೇ ಮೊದಲಾದ ಬ್ರೆಜಿಲಿನ ಮೃಗಗಳು ದಟ್ಟವಾದ ಗಿಡಗಳ ನಡುವೆ ಸೇರಿಕೊಂಡಿವೆ. ಅವುಗಳ ಹಿಂದೆ ಛಾವಣಿ ಬಿದ್ದ ಇಗರ್ಜಿಯ ಗೋಡೆಗಳು. ಪಾಳುಗೋಡೆ ಮತ್ತು ಕಾಡುಮೃಗಗಳ ಈ ಜೊತೆಯನ್ನು ಕಂಡ ಹಾರ್ಲೆಮಿನ ಗಿರಾಕಿಗೆ ಅದು ಪ್ರಾಚೀನ ರೋಮಿನ ಅವಶೇಷಗಳಂತೆ ಕಾಲದ ಮಹಿಮೆಯನ್ನು ಸಾರುವ ದೃಶ್ಯವಾಗಿ ಕಂಡಿರಬಹುದು. ಆ ಗೋಡೆಗಳ ಛಾವಣಿಯನ್ನು ಕೆಡವಿದ ಬೆಂಕಿಯ ಕಾಲವು ನಮಗೆ ತಿಳಿದಿದೆ: ೧೬೩೧ರ ನವೆಂಬರ್. ಇಟ್ಟವರೂ ತಿಳಿದಿದ್ದಾರೆ. ಚಿತ್ರ ಬರೆದಾಗ ಆ ಪಾಳಿಗೆ ಮೂವತ್ತೊಂದು ವರ್ಷ ವಯಸ್ಸು.

ಪೋಸ್ಟನು ಈ ಪ್ರಾಣಿಗಳನ್ನು ಹಾರ್ಲೆಮಿನಲ್ಲಿ ಕುಳಿತು ಹೇಗೆ ಬರೆದನೆಂಬ ಪ್ರಶ್ನೆಯು ಬಹುಕಾಲ ವಿದ್ವಾಂಸರನ್ನು ಕಾಡಿತ್ತು. ಹಾರ್ಲೆಮಿನಲ್ಲಿರುವ ಉತ್ತರ ಹಾಲೆಂಡಿನ ಪತ್ರಾಗಾರದಲ್ಲಿ ಅವನದೇ ಕೈಯ ೩೪ ಪ್ರಾಣಿಚಿತ್ರಗಳು ದೊರೆತು, ೨೦೧೬ರಲ್ಲಿ ರೈಕ್ಸ್‌ಮ್ಯೂಸಿಯಂನಲ್ಲಿ ಪ್ರದರ್ಶಿತವಾದುದರಿಂದ ಈ ಸಂಶಯವು ಪರಿಹಾರವಾಯಿತು. ಅವುಗಳಲ್ಲಿ ಕೆಲವು ಸೀಸದ ಕಡ್ಡಿಯ ರೇಖಾಚಿತ್ರಗಳು, ಉಳಿದುವು ಜಲವರ್ಣದವು. ಬ್ರೆಜಿಲಿನ ಪ್ರಾಣಿಗಳನ್ನು ಒಂದೊಂದಾಗಿ, ಅವುಗಳ ಸುತ್ತಲಿನ ನೆಲವನ್ನು ಬಿಟ್ಟು, ಬರೆದಿಟ್ಟುಕೊಂಡ ಈ ಹಾಳೆಗಳೇ ಅವನ ಮುಂದಿನ ಚಿತ್ರಗಳ ಬಂಡವಾಳ. ನೆಲದಿಂದ ಬಿಡಿಸಿಕೊಂಡ ಪ್ರಾಣಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ೧೬೩೯ರ ಕ್ಯಾಪಿಬಾರಾವು ಹೆಸರುಳ್ಳ ಒಂದು ನದಿಯ, ಹೆಸರುಳ್ಳ ಒಂದು ದಡದ ಮೇಲೆ ಮೇಯುತ್ತಿತ್ತು. ೧೬೬೨ರ ವೇಳೆಗೆ ಪ್ರಾಣಿಗಳು ಕಾಡು ಎಂಬ ಒಂದು ಭಾವನೆಯ ಅಲಂಕಾರಗಳಾದುವು.

ಈ ಅಲಂಕಾರದ ಹಿಂದೆ ಮರೆಯಾದುದು ನಾಡಿನ ದುಡಿಮೆ. ಕಂಪೆನಿಗೆ ಬೇಕಾಗಿದ್ದುದು ಕಾಡಲ್ಲ, ಸಕ್ಕರೆ. ಸಕ್ಕರೆಯ ಗಾಣಗಳಿಗೆ ಆಳುಗಳನ್ನು ಒದಗಿಸಲೆಂದೇ ಯೊಹಾನ್ ಮೌರಿತ್ಸನು ೧೬೩೭ರಲ್ಲಿ ಹಡಗುಗಳನ್ನು ಕಳುಹಿಸಿ ಪಶ್ಚಿಮ ಆಫ್ರಿಕದ ಎಲ್ಮಿನಾ ಕೋಟೆಯನ್ನು ಹಿಡಿಸಿದನು. ೧೬೩೬ರಿಂದ ೧೬೪೫ರವರೆಗಿನ ಅವಧಿಯಲ್ಲಿ ಡಚ್ಚರು ಬ್ರೆಜಿಲಿಗೆ ತಂದಿಳಿಸಿದ ಗುಲಾಮರ ಸಂಖ್ಯೆ ೨೩,೦೦೦ವನ್ನು ಮೀರುತ್ತದೆ. ಪೋಸ್ಟನು ಗಾಣಗಳನ್ನೂ ಗುಲಾಮರನ್ನೂ ಬರೆಯದೆ ಇಲ್ಲ. ಆದರೆ ಅವನ ಚಿತ್ರಗಳಲ್ಲಿ ಅವರು ಹಿತವಾದ ಬೆಳಕಿನಲ್ಲಿ ನಡೆದಾಡುವ, ಕುಣಿಯುವ, ಮಾತಾಡುವ ಚಿಕ್ಕ ಆಕೃತಿಗಳು. ಮೌರಿತ್ಸ್ ಕೋಟೆಯು ನದಿಯ ಮೇಲೆ ಕಾವಲಿದ್ದುದು ಈ ಗಾಣಗಳ ರಕ್ಷಣೆಗಾಗಿ.

೭. ಉಪಸಂಹಾರ

೧೬೭೯ರಲ್ಲಿ, ತನ್ನ ಮರಣದ ವರ್ಷದಲ್ಲಿಯೇ, ಯೊಹಾನ್ ಮೌರಿತ್ಸನು ಬ್ರೆಜಿಲಿಗೆ ಸಂಬಂಧಿಸಿದ ಚಿತ್ರಗಳ ಒಂದು ದೊಡ್ಡ ಸಂಗ್ರಹವನ್ನು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಕಾಣಿಕೆಯಾಗಿ ಕಳುಹಿಸಿದನು. ನಮ್ಮ ಚಿತ್ರವು ಪ್ಯಾರಿಸನ್ನು ಸೇರಿದುದು ಹೀಗೆ. ಮರುವರ್ಷ ಪೋಸ್ಟನೂ ಹಾರ್ಲೆಮಿನಲ್ಲಿ ತೀರಿಕೊಂಡನು. ಸೋತವರ ಕೈಯಿಂದ ಹೋದ ನಾಡು, ಅದನ್ನು ಎಂದೂ ನೋಡದ ದೊರೆಯೊಬ್ಬನ ಅರಮನೆಯಲ್ಲಿ ಕುತೂಹಲದ ವಸ್ತುವಾಯಿತು. ಅಷ್ಟು ಹೊತ್ತಿಗೆ ಅದರ ಮುಂಭಾಗದ ದಡವು ಸೆರ್ಜಿಪೆಯ ದಡವೆಂದು ಕೇಳುವವರು ಯಾರೂ ಇದ್ದಿರಲಾರರು.

ನಮ್ಮ ಕಂದಾಯ ಇಲಾಖೆಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮವೆಂಬ ಮಾತೊಂದಿದೆ. ಪಾರಸಿ ಭಾಷೆಯ ಚಿರಾಗ್ ಎಂದರೆ ದೀಪ; ಬೇಚರಾಕ್ ಎಂದರೆ ದೀಪವಿಲ್ಲದ ಊರು. ಬರದಿಂದಲೋ, ರೋಗದಿಂದಲೋ, ದಂಡು ಬಂದುದರಿಂದಲೋ ಜನರು ಬಿಟ್ಟುಹೋದ ಊರುಗಳನ್ನು ಲೆಕ್ಕದ ಪುಸ್ತಕದಲ್ಲಿ ಹೀಗೆ ಗುರುತಿಸುತ್ತಿದ್ದರು. ಜಾಲಿಯೂ ಕಳ್ಳಿಯೂ ಬೆಳೆದು ನರಿಗಳು ಓಡಾಡುವ ಅಂತಹ ಸ್ಥಳವನ್ನು ದಾರಿಹೋಕನು ಕಾಡೆಂದೇ ತಿಳಿದಾನು. ದಾಖಲೆಯು ಮಾತ್ರ ಅದನ್ನು ಊರೆಂದೇ ಕರೆಯುತ್ತದೆ; ಎಲ್ಲೆಗಳನ್ನೂ ಹೆಸರನ್ನೂ ಉಳಿಸಿಕೊಂಡಿರುತ್ತದೆ. ಸಾವೊ ಫ್ರಾನ್ಸಿಸ್ಕೋ ನದಿಯ ದಕ್ಷಿಣ ದಡಕ್ಕೆ ಪೋಸ್ಟನ ಚಿತ್ರದಲ್ಲಿ ಇಲ್ಲದಿರುವುದು ಈ ಒಂದು ಮಾತು. ಅದನ್ನು ಸೇರಿಸಿ ಓದುವುದು ಇತಿಹಾಸಕಾರನ ಕೆಲಸ.

ನಿಸರ್ಗಚಿತ್ರವನ್ನು ಸಾಧನವನ್ನಾಗಿ ಬಳಸುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಪಯುಕ್ತವೆಂದು ಈ ವಿವೇಚನೆಯಿಂದ ನಮಗೆ ತೋರುತ್ತದೆ. ನೋಡುವವನನ್ನು ಚಿತ್ರಕಾರನು ಯಾವ ನೆಲದ ಮೇಲೆ ನಿಲ್ಲಿಸಿದ್ದಾನೆ? ಚಿತ್ರವನ್ನು ಯಾರಿಗೆ ಒಪ್ಪಿಸಲೆಂದು ಬರೆದನು? ಅದನ್ನು ಬರೆಯುವ ಹಿಂದಿನ ವರ್ಷಗಳಲ್ಲಿ ಆ ನೆಲದಲ್ಲಿ ಏನು ನಡೆಯಿತು? ಮೊದಲನೆಯದಕ್ಕೆ ಭೂಪಟವೂ, ಎರಡನೆಯದಕ್ಕೆ ಚಿತ್ರವು ಕೈಯಿಂದ ಕೈಗೆ ಹೋದ ಕಥೆಯೂ, ಮೂರನೆಯದಕ್ಕೆ ದಂಡಯಾತ್ರೆಗಳ ವೃತ್ತಾಂತವೂ ಉತ್ತರ ಕೊಡುತ್ತವೆ. ಮೂರೂ ಉತ್ತರಗಳು ಒಂದೆಡೆ ಸೇರಿದಾಗ, ಕ್ಯಾಪಿಬಾರಾವು ಮೇಯುವ ಆ ಶಾಂತವಾದ ದಡಕ್ಕೆ ೧೫೬೦ರ ದಶ ವರ್ಷಗಳಿಂದ ೧೬೩೭ರವರೆಗಿನ ಒಂದು ಪೂರ್ವಕಥೆ ದೊರೆಯುತ್ತದೆ. ಚಿತ್ರದ ಸೌಂದರ್ಯಕ್ಕೆ ಇದರಿಂದ ಕುಂದಿಲ್ಲ. ಯೂರೋಪಿನ ಜನರು ಹೊರಗಣ ಭೂಖಂಡಗಳನ್ನು ನಿರ್ಜನವೆಂದು ವರ್ಣಿಸಿದ ಬರೆಹಗಳೂ ಚಿತ್ರಗಳೂ ಹೇರಳವಾಗಿವೆ. ಅವುಗಳಲ್ಲಿ ಎಷ್ಟು ಕಡೆ ನಿರ್ಜನತೆಯು ಮೂಲದ ಸ್ಥಿತಿ, ಎಷ್ಟು ಕಡೆ ಅದು ಯುದ್ಧದ ಫಲ ಎಂಬುದನ್ನು ಒಂದೊಂದಾಗಿ ಪರಿಶೀಲಿಸಲು ನಮ್ಮ ವಿದ್ಯಾರ್ಥಿಗಳು ಮುಂದೆ ಬರುವರೆಂದು ನಂಬಿದ್ದೇವೆ.